ಕಣ್ಣು ಮುಚ್ಚಿದರೆ ಅಪ್ಪಯ್ಯ ವಾಲುತ್ತಾರೆ. ಶುಗರ್‌ನಿಂದ ಪಾದದ ನರ ಹಾಳಾದವರಿಗೆ ವ್ಯಾಯಾಮ ಮಾಡಿಸಿದವರು ಇದ್ದೀರಾ?

ಅಡಿಕೆಮನೆ
ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ. ಅಪ್ಪಯ್ಯನಿಗೆ 67. ತೀರ್ಥಹಳ್ಳಿ ಕಡೆ ಊರು, ಟಾರು ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ ಮನೆ. ನನಗೆ ಶಿವಮೊಗ್ಗದಲ್ಲಿ ಕೆಲಸ, ಶನಿವಾರ ರಾತ್ರಿ ಹೋಗಿ ಸೋಮವಾರ ಬೆಳಿಗ್ಗೆ ಬರುತ್ತೇನೆ. ಅವರಿಗೆ ಶುಗರ್ ಬಂದು 16 ವರ್ಷ. ಎರಡು ವರ್ಷದಿಂದ ಪಾದ ಜೋಮು, ರಾತ್ರಿ ಉರಿ. "ಹತ್ತಿ ಮೇಲೆ ಕಾಲಿಟ್ಟಂಗೆ ಆಗ್ತದೆ" ಅನ್ನುತ್ತಿದ್ದರು. ನಾವು ಅಷ್ಟಾಗಿ ತಲೆಗೆ ಹಾಕಿಕೊಳ್ಳಲಿಲ್ಲ, ತಪ್ಪು ನಮ್ಮದೇ.

ಕಳೆದ ತಿಂಗಳು ಬಚ್ಚಲಿನಲ್ಲಿ ಬಿದ್ದರು. ಜಾರಿ ಅಲ್ಲ. ತಲೆಗೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿದ್ದಾರೆ, ನಿಂತಲ್ಲೇ ಹಂಡೆ ಕಡೆಗೆ ವಾಲಿದ್ದಾರೆ. ಮೊಣಕೈ ಒಡೆದು ಐದು ಹೊಲಿಗೆ. ಪುಣ್ಯಕ್ಕೆ ಮೂಳೆ ಉಳಿಯಿತು. ಡಾಕ್ಟರ್ ಒಂದು ಸಣ್ಣ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ ಒತ್ತಿ ಕೇಳಿದರು, ಹತ್ತು ಕಡೆಯಲ್ಲಿ ಮೂರು ಕಡೆ ಮಾತ್ರ ಗೊತ್ತಾಯಿತು. ಆಮೇಲೆ ಎರಡೂ ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿ ಅಂದರು. ಒಂದು, ಎರಡು, ಅಷ್ಟೇ. ಗಾಳಿಗೆ ಅಡಿಕೆ ಮರ ತೂಗುತ್ತದಲ್ಲ ಹಾಗೆ ತೂಗಿದರು. ನಾನು ಹಿಡಿದುಕೊಂಡೆ.

ಉರಿಗೆ ಮಾತ್ರೆ ಕೊಟ್ಟು ಫಿಸಿಯೋ ಹತ್ತಿರ ಕಳಿಸಿದರು. ಫಿಸಿಯೋ ಒಂದು ಹಾಳೆ ಕೊಟ್ಟಿದ್ದಾರೆ. ಹಿಮ್ಮಡಿ ಎತ್ತಿ, ಒಂಟಿ ಕಾಲಲ್ಲಿ ನಿಲ್ಲಿ, ಗೆರೆ ಮೇಲೆ ನಡೆಯಿರಿ. ಅಪ್ಪಯ್ಯ ಹಾಳೆಯನ್ನು ಪಂಚಾಂಗದ ಒಳಗೆ ಮಡಚಿ ಇಟ್ಟರು. "ದಿನಾ ತೋಟ ಸುತ್ತೋನಿಗೆ ಎಂಥ ವ್ಯಾಯಾಮ ಮಾರಾಯ? ಕುರ್ಚಿ ಹಿಡ್ಕಂಡು ಹಿಮ್ಮಡಿ ಎತ್ತೋದು ಮಕ್ಕಳಾಟ" ಅಂದರು.

ನನ್ನ ಪ್ರಶ್ನೆ ಇಷ್ಟೇ. ನರವೇ ಹೋದ ಮೇಲೆ ಇದೆಲ್ಲ ಮಾಡಿ ಉಪಯೋಗ ಇದೆಯಾ? ಮಾಡಿಸಿ ನೋಡಿದವರು ಹೇಳಿ. ಮಳೆಗಾಲ ಬೇರೆ ಹತ್ತಿರ ಬಂತು.

ನರ್ಸಕ್ಕ
ಮೊದಲು ಮಾತ್ರೆ ಹೆಸರು ನೋಡಿ. ಪ್ರಿಗ್ಯಾಬಲಿನ್, ಗ್ಯಾಬಾಪೆಂಟಿನ್, ಅಮಿಟ್ರಿಪ್ಟಿಲಿನ್ ಇವುಗಳಿಂದ ತಲೆ ಸುತ್ತು, ತೂಕಡಿಕೆ ಬರುತ್ತದೆ. ರಾತ್ರಿ ನುಂಗಿ ಮಲಗುತ್ತಾರೆ, ಎರಡು ಗಂಟೆಗೆ ಮೂತ್ರಕ್ಕೆ ಏಳುತ್ತಾರೆ, ಕತ್ತಲೆ, ಮಲೆನಾಡಿನ ಮನೆಯ ಎತ್ತರದ ಹೊಸ್ತಿಲು. ಬೀಳುವುದಕ್ಕೆ ಇನ್ನೇನು ಬೇಕು? ಹಾಗಂತ ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ.

ಇನ್ನೊಂದು. ಮಲಗಿದ್ದಾಗ ಒಂದು ಸಲ, ಎದ್ದು ನಿಂತು ಮೂರು ನಿಮಿಷದೊಳಗೆ ಒಂದು ಸಲ ಬಿಪಿ ನೋಡಿಸಿ. ಮೇಲಿನ ಅಂಕಿ 20 ಅಥವಾ ಜಾಸ್ತಿ ಇಳಿದರೆ ಅದಕ್ಕೆ ಬೇರೆ ಚಿಕಿತ್ಸೆ ಬೇಕು. ಶುಗರ್‌ನಲ್ಲಿ ಬಿಪಿ ಹತೋಟಿಯಲ್ಲಿಡುವ ನರವೂ ಕೈ ಕೊಡುತ್ತದೆ.

ಹಳೇ ಭದ್ರಾವತಿ
ನರ ಸತ್ತ ಮೇಲೆ ಮುಗಿಯಿತು ಅಣ್ಣ. ನನ್ನ ಭಾವನಿಗೂ ಇದೇ. ಹತ್ತು ದಿನ ಫಿಸಿಯೋಗೆ ಓಡಾಡಿದೆವು, ಕರೆಂಟು ಕೊಟ್ಟರು, ಕೆಂಪು ಲೈಟು ಬಿಟ್ಟರು, ಮುನ್ನೂರು ಮುನ್ನೂರು ರೂಪಾಯಿ ಹೋಯಿತು. ಎಂಥದೂ ಆಗಲಿಲ್ಲ. ಇನ್ನೊಬ್ಬ ಡಾಕ್ಟರ್ ಅಂತೂ ಸ್ಪರ್ಶ ಇಲ್ಲದವರು ಜಾಸ್ತಿ ನಡೆಯಲೇಬಾರದು, ಹುಣ್ಣಾಗುತ್ತದೆ ಅಂದಿದ್ದರು. ಸುಮ್ನೆ ಕೂರಿಸಿ, ಚೆನ್ನಾಗಿ ನೋಡಿಕೊಳ್ಳಿ.

ನಿವೃತ್ತ ಕಂಡಕ್ಟರ್
ಸುಮ್ನೆ ಕೂರಿಸಿದರೆ ಆರು ತಿಂಗಳಲ್ಲಿ ತೊಡೆ ಕಡ್ಡಿ ಆಗುತ್ತದೆ ಸ್ವಾಮಿ. ನನ್ನದೇ ಕಥೆ ಇದೆ, ರಾತ್ರಿ ಬರೆಯುತ್ತೇನೆ.

ಫಿಸಿಯೋ ಸಾಗರ
ಭದ್ರಾವತಿಯವರೇ, ಕರೆಂಟು ಕೊಟ್ಟು ಲೈಟು ಬಿಟ್ಟಿದ್ದು ವ್ಯಾಯಾಮ ಅಲ್ಲ. ರೋಗಿ ಮಲಗಿದ್ದಾರೆ, ಕೆಲಸ ಮೆಷಿನ್ನು ಮಾಡುತ್ತಿದೆ. ಅದರಿಂದ ನಿಲ್ಲುವುದು ಕಲಿಯುವುದು ಹೇಗೆ? ನಮ್ಮವರೇ ಎಷ್ಟೋ ಜನ ಹಾಗೆ ಮಾಡುತ್ತಾರೆ, ಒಪ್ಪುತ್ತೇನೆ.

ನಡೆಯಬಾರದು ಅನ್ನುವುದು ಹಳೆಯ ಮಾತು. ಮೊದಲು ಹಾಗೇ ಹೇಳುತ್ತಿದ್ದರು. 2008ರಲ್ಲಿ ಅಮೆರಿಕದಲ್ಲಿ ಪಾದದ ಸ್ಪರ್ಶ ಹೋದ 79 ಜನರ ಮೇಲೆ ಒಂದು ಅಧ್ಯಯನ ಬಂತು. ಅರ್ಧ ಜನಕ್ಕೆ ಕಾಲಿನ ಬಲದ ವ್ಯಾಯಾಮ, ನಡಿಗೆ ಮಾಡಿಸಿದರು. ಅವರಿಗೆ ಹುಣ್ಣು ಹೆಚ್ಚೇನೂ ಆಗಲಿಲ್ಲ. 2010ರಲ್ಲಿ ಅಲ್ಲಿನ ಮಧುಮೇಹ ಸಂಘ, ಪಾದದಲ್ಲಿ ಹುಣ್ಣು ಇಲ್ಲದಿದ್ದರೆ ಮಿತವಾಗಿ ನಡೆಯಬಹುದು ಅಂತ ಸಲಹೆಯನ್ನೇ ಬದಲಿಸಿತು. ಸರಿಯಾದ ಚಪ್ಪಲಿ, ದಿನಾ ಪಾದ ನೋಡಿಕೊಳ್ಳುವುದು, ಇವೆರಡು ಷರತ್ತು.

ಈಗ ಅಡಿಕೆಮನೆಯವರ ಪ್ರಶ್ನೆ. ನಾವು ನೆಟ್ಟಗೆ ನಿಲ್ಲುವುದಕ್ಕೆ ಮೂರು ಕಡೆಯಿಂದ ಸುದ್ದಿ ಬರಬೇಕು. ಕಣ್ಣು, ಒಳಕಿವಿ, ಪಾದ ಮತ್ತು ಕಣಕಾಲು. ಶುಗರ್ ಮೊದಲು ಹಾಳು ಮಾಡುವುದು ಅತಿ ಉದ್ದದ ನರಗಳನ್ನು, ಅದಕ್ಕೇ ಪಾದದಿಂದ ಶುರು. ಪಾದದ ಸುದ್ದಿ ನಿಂತರೆ ಕಣ್ಣೇ ಆ ಕೆಲಸವನ್ನೂ ಮಾಡುತ್ತಿರುತ್ತದೆ. ಹಾಗಾಗಿ ಹಗಲಲ್ಲಿ ಏನೂ ಗೊತ್ತಾಗುವುದಿಲ್ಲ. ಸೋಪು ಹಚ್ಚಿ ಕಣ್ಣು ಮುಚ್ಚಿದ ಕೂಡಲೇ ಇದ್ದ ದೊಡ್ಡ ಆಧಾರವೂ ಹೋಯಿತು. ನಿಮ್ಮ ಅಪ್ಪಯ್ಯ ಬಿದ್ದಿದ್ದು ಹಾಗೆ. ಕತ್ತಲಲ್ಲಿ ಬೀಳುವವರಲ್ಲಿ ಎಷ್ಟೋ ಜನ ಬೀಳುವುದೂ ಹಾಗೇ.

ವ್ಯಾಯಾಮ ಸತ್ತ ನರವನ್ನು ಎಬ್ಬಿಸುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ಮಾಡುವುದು ಬೇರೆ ಕೆಲಸ. ಕಣಕಾಲು, ಮೀನಖಂಡ, ತೊಡೆ, ಸೊಂಟಕ್ಕೆ ಬಲ ಬರುತ್ತದೆ. ವಾಲಿದಾಗ ತಟ್ಟನೆ ಹೆಜ್ಜೆ ಹಾಕಿ ಸಾವರಿಸಿಕೊಳ್ಳುವುದು ರೂಢಿ ಆಗುತ್ತದೆ. ಪಾದದಿಂದ ಅಳಿದುಳಿದ ಸುದ್ದಿ ಏನು ಬರುತ್ತದೋ ಅದನ್ನೇ ಮೆದುಳು ಚೆನ್ನಾಗಿ ಬಳಸಲು ಕಲಿಯುತ್ತದೆ.

ಸೂರ್ಯನಮಸ್ಕಾರ108
ಇದಕ್ಕೆಲ್ಲ ವೃಕ್ಷಾಸನ ಸಾಕು. ಬೆಳಿಗ್ಗೆ ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಬರಿಗಾಲಲ್ಲಿ 20 ನಿಮಿಷ ನಡೆಸಿ, ಆಮೇಲೆ ಕಣ್ಣು ಮುಚ್ಚಿ ವೃಕ್ಷಾಸನ. ನರ ತಾನಾಗಿ ಚುರುಕಾಗುತ್ತದೆ.

ನರ್ಸಕ್ಕ
ಬರಿಗಾಲು ಬೇಡ!! ದಯವಿಟ್ಟು ಈ ಸಲಹೆ ಯಾರೂ ತೆಗೆದುಕೊಳ್ಳಬೇಡಿ.

ಕೊಪ್ಪದ ಸೊಸೆ
ನರ್ಸಕ್ಕ ಹೇಳಿದ್ದು ನೂರಕ್ಕೆ ನೂರು. ನಮ್ಮ ಮಾವನವರು ಹೀಗೇ ಬರಿಗಾಲಲ್ಲಿ ಅಂಗಳ ಸುತ್ತುತ್ತಿದ್ದರು, ಯಾರೋ ಹೇಳಿದ್ದರು ಅಂತ. ಒಂದು ದಿನ ಕಾಲು ಒರೆಸುವ ಗೋಣಿ ಮೇಲೆ ಕೀವಿನ ಕಲೆ ನೋಡಿದೆ. ಕಾಲು ಎತ್ತಿ ನೋಡಿದರೆ ಹೆಬ್ಬೆರಳ ಬುಡದಲ್ಲಿ ಬೇಲಿಯ ಮುಳ್ಳು ಮುರಿದು ಕೂತಿದೆ. ಎಷ್ಟು ದಿನದಿಂದ ಅಂತ ಅವರಿಗೇ ಗೊತ್ತಿಲ್ಲ. ನೋವೇ ಇರಲಿಲ್ಲವಲ್ಲ. ಕೊನೆಗೆ ಆ ಬೆರಳು ತೆಗೆದರು. ಈಗ ದಿನಾ ರಾತ್ರಿ ನಾನೋ ಅತ್ತೆಯೋ ಟಾರ್ಚ್ ಹಿಡಿದು ಪಾದ ನೋಡುತ್ತೇವೆ. ಬೆರಳ ಸಂದಿ ಸಮೇತ.

ಸೂರ್ಯನಮಸ್ಕಾರ108
ನಾನು ಹೇಳಿದ್ದು ಹುಲ್ಲಿನ ಮೇಲೆ, ಬೇಲಿ ಮೇಲೆ ಅಲ್ಲ.

ಉಂಬಳ
ಮಲೆನಾಡಿನ ಹುಲ್ಲಿನ ಮೇಲೆ ಬೆಳಿಗ್ಗೆ ಬರಿಗಾಲಲ್ಲಿ 20 ನಿಮಿಷ ನಿಂತರೆ ನಮ್ಮ ಜಿಗಣೆ ಸಂಸಾರಕ್ಕೆ ಒಂದು ವಾರದ ಊಟ ಆಯಿತು. ಧಾರಾಳವಾಗಿ ಬನ್ನಿ.

ಅಡಿಕೆಮನೆ
@ಉಂಬಳ ನಗು ಬಂತು, ಆದರೆ ಅದೂ ಒಂದು ತಲೆಬಿಸಿಯೇ. ಅಪ್ಪಯ್ಯ ಗಂಬೂಟು ತೆಗೆದಾಗ ಕಾಲುಚೀಲ ಪೂರ್ತಿ ರಕ್ತ, ಅಲ್ಲಿಯವರೆಗೆ ಉಂಬಳ ಹತ್ತಿದ್ದೇ ಗೊತ್ತಿರುವುದಿಲ್ಲ. ನರ ಅಷ್ಟು ಹೋಗಿದೆ.

ಮೆತ್ತಿನ ಮನೆ
ಅದಕ್ಕೂ ನರಕ್ಕೂ ಸಂಬಂಧ ಇಲ್ಲ. ಉಂಬಳ ಕಚ್ಚಿದ್ದು ಯಾರಿಗೂ ಗೊತ್ತಾಗುವುದಿಲ್ಲ ಮಾರಾಯ್ರೆ, ನನಗೂ ಗೊತ್ತಾಗುವುದಿಲ್ಲ, ನನಗೆ ಶುಗರ್ ಇಲ್ಲ. ಕಾಲುಚೀಲಕ್ಕೆ ಹೊಗೆಸೊಪ್ಪಿನ ನೀರು ಅದ್ದಿ ಒಣಗಿಸಿ ಹಾಕಿಸಿ.

ಹಳೇ ಭದ್ರಾವತಿ
ಸುಣ್ಣ ಒಳ್ಳೆಯದು.

ಮೆತ್ತಿನ ಮನೆ
ಸುಣ್ಣ ಮಳೆಗೆ ನಿಲ್ಲುವುದಿಲ್ಲ. ಭದ್ರಾವತಿಯವರಿಗೆ ಉಂಬಳದ ಬಗ್ಗೆ ಎಂಥ ಗೊತ್ತು?

ನರ್ಸಕ್ಕ
ಹೊಗೆಸೊಪ್ಪು, ಸುಣ್ಣ ಎರಡೂ ಶುಗರ್ ಇದ್ದವರ ಪಾದಕ್ಕೆ ಬೇಡ. ಚರ್ಮ ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ಹಾಗೇ ನೆನಪಾಯಿತು, ಬಚ್ಚಲ ಒಲೆ ಮುಂದೆ ಕೂತು ಕಾಲು ಕಾಯಿಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿಸಿ. ಆಷಾಢದಲ್ಲಿ ಅಂಗಾಲು ಬೊಬ್ಬೆ ಎದ್ದು ಬರುವವರನ್ನು ಪ್ರತಿ ವರ್ಷ ನೋಡುತ್ತೇನೆ. ಹಂಡೆಯ ನೀರನ್ನೂ ಬೇರೆಯವರು ಕೈ ಅದ್ದಿ ನೋಡಿ ಕೊಡಬೇಕು. ಗಂಬೂಟು ಹಾಕುವ ಮುಂಚೆ ಬೋರಲು ಹಾಕಿ ಕೊಡವಿ, ಒಳಗೆ ಒಂದು ಕಲ್ಲು ಇದ್ದರೂ ಸಂಜೆವರೆಗೆ ಅದರ ಮೇಲೇ ನಡೆಯುತ್ತಾರೆ. ಕೆಸರುಹುಣ್ಣು ಕಂಡರೆ ಮನೆ ಮದ್ದು ಮಾಡುತ್ತಾ ಕೂರಬೇಡಿ.

ನಿವೃತ್ತ ಕಂಡಕ್ಟರ್
ಬರೆಯುತ್ತೇನೆ ಅಂದಿದ್ದೆ. ವಯಸ್ಸು 61, ಶುಗರ್ 14 ವರ್ಷ. ನಾನು 27 ವರ್ಷ ಘಾಟಿ ಬಸ್ಸಲ್ಲಿ ಕಂಡಕ್ಟರ್. ಆಗುಂಬೆ ಘಾಟಿಯ ತಿರುವಲ್ಲಿ ಬಸ್ಸು ವಾಲುತ್ತಿದ್ದಾಗ ಒಂದು ಕೈಯಲ್ಲಿ ಟಿಕೆಟ್, ಒಂದು ಕೈಯಲ್ಲಿ ಚಿಲ್ಲರೆ, ಸೊಂಟ ಸೀಟಿಗೆ ತಾಗಿಸಿ ನಿಲ್ಲುತ್ತಿದ್ದೆ. ಕಂಬಿ ಹಿಡಿಯುವುದು ಅವಮಾನ ಅಂದುಕೊಂಡವನು. ಅಂಥವನು ಮೂರು ವರ್ಷದ ಹಿಂದೆ ಮದುವೆ ಮನೆಯಲ್ಲಿ ಪಂಚೆ ಉಡಲು ಒಂದು ಕಾಲು ಎತ್ತಿದ್ದೇ, ಬೀಗರ ಮೇಲೆ ಬಿದ್ದೆ.

ಫಿಸಿಯೋ ಹುಡುಗಿ ನಮ್ಮ ಮಗಳ ವಯಸ್ಸಿನವಳು. ಮೊದಲ ದಿನ ಕುರ್ಚಿಯಿಂದ ಕೈ ಊರದೆ ಏಳಿ ಅಂದಳು. ಮೂರು ಸಲ ಎದ್ದೆ, ನಾಲ್ಕನೆಯದಕ್ಕೆ ಆಗಲಿಲ್ಲ. ಅವತ್ತು ನಿಜವಾಗಿ ಹೆದರಿದೆ. ಕಾಲಲ್ಲಿ ಬಲ ಇದೆ ಅಂದುಕೊಂಡಿದ್ದೆ, ಇರಲಿಲ್ಲ. ನಡೆಯುವುದಕ್ಕೆ ಬೇಕಾಗುವ ಬಲವೇ ಬೇರೆ, ನಿಲ್ಲುವುದಕ್ಕೆ ಬೇಕಾಗುವುದೇ ಬೇರೆ ಅಂತ ಅವಳು ಹೇಳಿದಳು. ಹಾಗಾಗಿ ಅಡಿಕೆಮನೆಯವರೇ, ತೋಟ ಸುತ್ತುತ್ತೇನೆ ಅನ್ನುವ ಅಪ್ಪಯ್ಯನಿಗೆ ಇದನ್ನೇ ಮಾಡಿಸಿ. ಕೈ ಎದೆ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಹತ್ತು ಸಲ ಏಳಲಿ. ಬಾಯಿ ತಾನೇ ಮುಚ್ಚುತ್ತದೆ, ಕ್ಷಮಿಸಿ, ಅಪ್ಪಯ್ಯನ ಬಗ್ಗೆ ಹಾಗೆ ಹೇಳಬಾರದು.

ನನಗೆ ಗೊತ್ತಾಗುವ ಹಾಗೆ ಸುಧಾರಿಸಲು ಎರಡು ತಿಂಗಳು ಹಿಡಿಯಿತು. ಜೋಮು ಹಾಗೇ ಇದೆ. ಆದರೆ ಪಂಚೆ ನಾನೇ ನಿಂತು ಉಡುತ್ತೇನೆ.

ಅಡಿಕೆಮನೆ
ಕಂಡಕ್ಟರ್ ಸರ್, ಇದನ್ನು ಅಪ್ಪಯ್ಯನಿಗೆ ಓದಿ ಹೇಳುತ್ತೇನೆ. ಬಸ್ಸಿನವರ ಮಾತಾದರೆ ಕೇಳುತ್ತಾರೆ, ನಮ್ಮದು ಕೇಳುವುದಿಲ್ಲ. ಫಿಸಿಯೋ ಸಾಗರ, ಮನೆಯಲ್ಲೇ ಮಾಡುವುದಾದರೆ ಎಲ್ಲಿಂದ ಶುರು ಮಾಡಲಿ? ನಾನಿರುವುದು ವಾರಕ್ಕೆ ಎರಡು ದಿನ. ಉಳಿದ ದಿನ ಅಮ್ಮ ಒಬ್ಬರೇ.

ಫಿಸಿಯೋ ಸಾಗರ
ನಿಮ್ಮ ಫಿಸಿಯೋ ಕೊಟ್ಟ ಹಾಳೆಯೇ ಮುಖ್ಯ, ನಾನು ರೋಗಿಯನ್ನು ನೋಡಿಲ್ಲ. ಸಾಮಾನ್ಯವಾಗಿ ಹೀಗೆ ಮಾಡಿಸುತ್ತೇವೆ.

ಜಾಗ ಮೊದಲು. ಜಗಲಿ ಕಂಬ ಅಥವಾ ಅಡುಗೆಮನೆ ಕಟ್ಟೆ ಮುಂದೆ, ಹಿಂದೆ ಒಂದು ಗಟ್ಟಿ ಕುರ್ಚಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಅದು ಜಾರುತ್ತದೆ. ಕಾಲಿಗೆ ಚಪ್ಪಲಿ ಇರಲಿ, ಹಿಂದೆ ಪಟ್ಟಿ ಇರುವುದು. ಹಗಲು ಹೊತ್ತು, ತಿಂಡಿ ಆದ ಮೇಲೆ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ಮಾತ್ರೆ ತಗೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಮಾಡಲೇಬಾರದು, ಶುಗರ್ 90ಕ್ಕಿಂತ ಕೆಳಗಿದ್ದರೆ ಮೊದಲು ಏನಾದರೂ ತಿನ್ನಬೇಕು.

ಮೊದಲ ಎರಡು ವಾರ ಕೂತು ಏಳುವುದು, ಕಂಬ ಹಿಡಿದು ಹಿಮ್ಮಡಿ ಎತ್ತುವುದು, ಆಮೇಲೆ ಹಿಮ್ಮಡಿ ಊರಿ ಮುಂಗಾಲು ಎತ್ತುವುದು. ಈ ಕೊನೆಯದನ್ನು ಯಾರೂ ಸರಿಯಾಗಿ ಮಾಡುವುದಿಲ್ಲ, ಅದೇ ಮುಖ್ಯ, ಹೊಸ್ತಿಲು ಎಡವುವುದು ಮುಂಗಾಲು ಏಳದಿದ್ದಕ್ಕೆ. ಕೂತಾಗ ಪಾದವನ್ನು ಗಾಳಿಯಲ್ಲಿ ಎತ್ತಿ ಹೆಬ್ಬೆರಳಿನಿಂದ ಅ ಆ ಇ ಈ ಬರೆಯಲಿ. ಕಣಕಾಲು ಎಲ್ಲಾ ದಿಕ್ಕಿಗೂ ತಿರುಗುತ್ತದೆ. ನಮ್ಮಲ್ಲಿ ಒಬ್ಬ ಮೇಷ್ಟ್ರು ೠ ಬರೆದು ತೋರಿಸಿದರು.

ಆಮೇಲೆ ನಿಲ್ಲುವುದು. ಪಾದ ಜೋಡಿಸಿ, ನಂತರ ಒಂದು ಪಾದ ಅರ್ಧ ಮುಂದೆ, ನಂತರ ಒಂದರ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ, ನಂತರ ಒಂಟಿ ಕಾಲು. ಒಂದೊಂದೂ 10 ಸೆಕೆಂಡ್ ಬಂದ ಮೇಲೆ ಮುಂದಿನದು. ಎರಡು ಕೈ ಹಿಡಿದು ಶುರು, ಆಮೇಲೆ ಒಂದು ಕೈ, ಆಮೇಲೆ ಒಂದೇ ಬೆರಳು. ಕಣ್ಣು ಮುಚ್ಚುವುದು ಕೊನೆಯ ಪಾಠ, ಪಕ್ಕದಲ್ಲಿ ಆಳು ಇಲ್ಲದೆ ಬೇಡವೇ ಬೇಡ. ಸೂರ್ಯನಮಸ್ಕಾರದವರೇ, ವೃಕ್ಷಾಸನಕ್ಕೆ ನನ್ನ ವಿರೋಧ ಇಲ್ಲ, ಮೊದಲ ದಿನವೇ ಕಣ್ಣು ಮುಚ್ಚಿ ಅನ್ನುವುದಕ್ಕೆ ಇದೆ.

ವಾರಕ್ಕೆ ಕನಿಷ್ಠ ಎರಡು ಮೂರು ಸಲ. ಸ್ವಿಟ್ಜರ್ಲೆಂಡಿನಲ್ಲಿ 71 ಜನಕ್ಕೆ ಮಾಡಿದ ಅಧ್ಯಯನ ಇದೆ, 2010ರದ್ದು. ಅರ್ಧ ಜನಕ್ಕೆ ವಾರಕ್ಕೆ ಎರಡು ಸಲ, ಒಂದೊಂದು ಗಂಟೆ, 12 ವಾರ ಮಾಡಿಸಿದರು. ನಡಿಗೆಯ ವೇಗ, ಸಮತೋಲ, ಕಾಲಿನ ಬಲ ಎಲ್ಲ ಸುಧಾರಿಸಿತು, ಬೀಳುವ ಹೆದರಿಕೆಯೂ ಇಳಿಯಿತು. ನಿಲ್ಲಿಸಿ ಆರು ತಿಂಗಳಾದ ಮೇಲೂ ಬಹುಪಾಲು ಉಳಿದಿತ್ತು, ಸಮತೋಲದ ಒಂದು ಅಳತೆ, ಕಣಕಾಲಿನ ಬಲ ಇವೆರಡು ಮಾತ್ರ ಉಳಿದಿರಲಿಲ್ಲ.

ಹಳೇ ಭದ್ರಾವತಿ
ಅಳತೆ ಸುಧಾರಿಸಿತು ಸರಿ. ಬೀಳುವುದು ಕಡಿಮೆ ಆಯಿತಾ? ಅದು ಹೇಳಿ.

ಫಿಸಿಯೋ ಸಾಗರ
ಒಳ್ಳೆಯ ಪ್ರಶ್ನೆ, ತಪ್ಪಿಸಿಕೊಳ್ಳುವುದಿಲ್ಲ. ನರದ ತೊಂದರೆ ಇರುವವರಲ್ಲೇ ಬೀಳುವುದು ಇಷ್ಟು ಕಡಿಮೆಯಾಯಿತು ಅಂತ ಗಟ್ಟಿಯಾಗಿ ತೋರಿಸಿದ ಪುರಾವೆ ಇನ್ನೂ ಸಾಲದು. ಮೇಲೆ ಹೇಳಿದೆನಲ್ಲ, ಆ 79 ಜನರಲ್ಲಿಯೂ ಬೀಳುವುದು ಅಂಥ ಕಡಿಮೆ ಆಗಲಿಲ್ಲ. ಆದರೆ ಒಟ್ಟಾರೆ 60 ದಾಟಿದವರಲ್ಲಿ ವ್ಯಾಯಾಮದಿಂದ ಬೀಳುವುದು ಸುಮಾರು ಶೇಕಡ 23ರಷ್ಟು ಇಳಿಯುತ್ತದೆ ಅಂತ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2019ರ ಕಾಕ್ರೇನ್ ವಿಮರ್ಶೆ ಹೇಳಿದೆ. ನಾನು ನೋಡಿದ ರೋಗಿಗಳಲ್ಲಿ ಸರಿಯಾಗಿ ಮಾಡಿದವರಿಗೆ ಉಪಯೋಗ ಆಗಿದೆ. ಅರ್ಧಕ್ಕರ್ಧ ಜನ ಮೂರನೇ ವಾರಕ್ಕೆ ಬಿಡುತ್ತಾರೆ, ಅದೂ ನಿಜ.

ಹಳೇ ಭದ್ರಾವತಿ
ಇದು ಪ್ರಾಮಾಣಿಕ ಉತ್ತರ. ಒಪ್ಪಿದೆ. ಭಾವನಿಗೆ ಕುರ್ಚಿ ಪರೀಕ್ಷೆ ಮಾಡಿಸುತ್ತೇನೆ.

ಸೊರಬ ರಸ್ತೆ
ವ್ಯಾಯಾಮದಿಂದ ನರ ಬೆಳೆಯುತ್ತದೆ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಅದು ಸುಳ್ಳಾ?

ಫಿಸಿಯೋ ಸಾಗರ
ಪೂರ್ತಿ ಸುಳ್ಳಲ್ಲ. ಅಮೆರಿಕದ ಕಾನ್ಸಾಸ್‌ನಲ್ಲಿ 2012ರಲ್ಲಿ 17 ಜನಕ್ಕೆ 10 ವಾರ ವ್ಯಾಯಾಮ ಮಾಡಿಸಿ ಚರ್ಮದ ಸಣ್ಣ ಚೂರು ತೆಗೆದು ನೋಡಿದರು, ನರದ ಎಳೆಗಳಲ್ಲಿ ಕವಲು ಹೆಚ್ಚಿತ್ತು, ನೋವೂ ಇಳಿದಿತ್ತು. ಆದರೆ ಬರೀ 17 ಜನ, ಹೋಲಿಸಲು ಬೇರೆ ಗುಂಪೂ ಇರಲಿಲ್ಲ. ಅಷ್ಟರಿಂದ ನರ ಬೆಳೆಯುತ್ತದೆ ಅಂತ ಹೇಳಿಕೊಂಡು ತಿರುಗಲು ಆಗುವುದಿಲ್ಲ.

ಕೊಪ್ಪದ ಸೊಸೆ
ವಿಟಮಿನ್ ಬಿ12 ನೋಡಿಸಿದ್ದೀರಾ? ನಮ್ಮ ಮಾವನವರಿಗೆ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ತಗೊಂಡು ತಗೊಂಡು ಬಿ12 ತಳ ಹಿಡಿದಿತ್ತು. ಅದು ಕಡಿಮೆಯಾದರೂ ಹೀಗೇ ಜೋಮು, ಹೀಗೇ ವಾಲುವುದಂತೆ. ನಾವು ಸಸ್ಯಾಹಾರಿಗಳು, ಅದೂ ಸೇರಿತು.

ಅಡಿಕೆಮನೆ
ನೋಡಿಸಿಲ್ಲ! ಮೆಟ್‌ಫಾರ್ಮಿನ್ 16 ವರ್ಷದಿಂದ ಇದೆ. ಈ ವಾರವೇ ಮಾಡಿಸುತ್ತೇನೆ.

ಉಂಬಳ
ಬಿ12ಗೆ ಹತ್ತುಮೀನು ಬೆಸ್ಟ್. ಮೊದಲ ಮಳೆಗೆ ಗದ್ದೆಗೆ ಹತ್ತುವಾಗ ಹಿಡಿದು ಹುಳಿ ಮಾಡಿ.

ಮೆತ್ತಿನ ಮನೆ
ಗದ್ದೆ ಎಲ್ಲಿದೆ ಈಗ, ಎಲ್ಲ ಅಡಿಕೆ ಆಯಿತು. ಅಡಿಕೆಗೆ ಎಲೆಚುಕ್ಕೆ ರೋಗ ಬಂತು. ನಿಮ್ಮ ಕಡೆ ಹೇಗಿದೆ ಈ ವರ್ಷ?

ಸೊರಬ ರಸ್ತೆ
ನಮ್ಮ ಕಡೆ ಪರವಾಗಿಲ್ಲ. ಹೊಸನಗರದ ಕಡೆ ಜಾಸ್ತಿ ಅಂತಾರೆ. ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗಾರರೂ ಸಿಗುವುದಿಲ್ಲ, ನೆಲದಿಂದಲೇ ಕೊಯ್ಯುವ ಉದ್ದದ ಫೈಬರ್ ದೋಟಿ ತಗೊಂಡೆ, ಅದರ ರೇಟು ಕೇಳಿದರೆ ನಿಲ್ಲುವವರೂ ಬೀಳಬೇಕು.

ವೇದಿಕೆ ನಿರ್ವಾಹಕ
ಎಲೆಚುಕ್ಕೆಗೆ ಬೇರೆ ಎಳೆ ಇದೆ. ಅಲ್ಲಿಗೆ ಹೋಗಿ. ಇಲ್ಲಿ ಕಾಲಿನ ಮಾತು.

ಅಡಿಕೆಮನೆ
ದೋಟಿ ಅಂದಿದ್ದಕ್ಕೆ ನೆನಪಾಯಿತು. ಅಪ್ಪಯ್ಯನಿಗೆ ಊರುಗೋಲು ಕೊಟ್ಟರೆ "40 ಅಡಿ ದೋಟಿ ಎತ್ತಿದ ಕೈ ಇದು" ಅಂತ ಮೂಲೆಗೆ ಎಸೆದರು. ಕೋಲು ಬೇಕೇ ಬೇಕಾ?

ನಿವೃತ್ತ ಕಂಡಕ್ಟರ್
ಅವರ ಹಳೆಯ ಸಂಕ (ಹಳ್ಳ ದಾಟುವ ಮರದ ಕಾಲುಸೇತುವೆ) ನೆನಪು ಮಾಡಿಕೊಡಿ. ಹಳ್ಳಕ್ಕೆ ಹಾಕಿದ ಸಂಕದ ಪಕ್ಕ ಒಂದು ಬಿದಿರು ಕಟ್ಟಿರುತ್ತಾರಲ್ಲ, ಅದರ ಮೇಲೆ ಯಾರೂ ಭಾರ ಹಾಕುವುದಿಲ್ಲ, ಹಾಕಿದರೆ ಮುರಿಯುತ್ತದೆ. ಬರೀ ಬೆರಳು ತಾಗಿಸಿಕೊಂಡು ಹೋಗುತ್ತೇವೆ. ಆದರೂ ಅದಿಲ್ಲದಿದ್ದರೆ ದಾಟಲು ಆಗುವುದಿಲ್ಲ. ಕೋಲೂ ಹಾಗೇ ಅಲ್ವಾ?

ಫಿಸಿಯೋ ಸಾಗರ
ಅಯ್ಯೋ, ನಾನು ಹತ್ತು ನಿಮಿಷ ವಿವರಿಸುವುದನ್ನು ಒಂದೇ ಸಾಲಲ್ಲಿ ಹೇಳಿದಿರಿ. ಬೆರಳು ಏನಕ್ಕಾದರೂ ಸುಮ್ನೆ ತಾಗಿದ್ದರೂ ದೇಹದ ತೂಗಾಟ ಕಡಿಮೆಯಾಗುತ್ತದೆ, ಪಾದ ಕೊಡಬೇಕಾದ ಸುದ್ದಿಯನ್ನು ಕೈ ಕೊಡುತ್ತದೆ. ಇನ್ನು ಮೇಲೆ ರೋಗಿಗಳಿಗೆ ಸಂಕದ ಕಥೆಯೇ ಹೇಳುತ್ತೇನೆ.

ನಿವೃತ್ತ ಕಂಡಕ್ಟರ್
ರಾಯಲ್ಟಿ ಕಳಿಸಿ.

ನರ್ಸಕ್ಕ
ಯಾವಾಗ ಮಾಡಬಾರದು ಅನ್ನುವುದನ್ನೂ ಬರೆದಿಡುತ್ತೇನೆ. ಪಾದದಲ್ಲಿ ಹುಣ್ಣು ಇದ್ದರೆ ನಿಂತು ಮಾಡುವುದು ಬಂದ್. ಒಂದೇ ಪಾದ ಬಿಸಿಯಾಗಿ, ಕೆಂಪಾಗಿ, ಊದಿಕೊಂಡು, ಅಷ್ಟೇನೂ ನೋವಿಲ್ಲ ಅಂದರೆ ಉಳುಕು ಅಂತ ಎಣ್ಣೆ ತಿಕ್ಕಿಸಬೇಡಿ. ಅದು ಶಾರ್ಕೋ ಪಾದ ಆಗಿರಬಹುದು, ಒಳಗೆ ಮೂಳೆ ಪುಡಿಯಾಗುತ್ತಿರುತ್ತದೆ. ಆ ಕಾಲು ನೆಲಕ್ಕೆ ಊರದೆ ಆಸ್ಪತ್ರೆಗೆ ಹೋಗಿ. ಕಣ್ಣಿನ ಒಳಗೆ ರಕ್ತಸ್ರಾವ ಆಗಿದ್ದವರು ಉಸಿರು ಬಿಗಿಹಿಡಿಯುವ, ತಲೆ ಬಗ್ಗಿಸುವ ವ್ಯಾಯಾಮ ಮಾಡಬಾರದು.

ಸೂರ್ಯನಮಸ್ಕಾರ108
ಅಂದರೆ ಸೂರ್ಯನಮಸ್ಕಾರವೂ ಬೇಡ ಅಂತಾಯಿತು. ಸರಿ, ಕಂಬ ಹಿಡಿದು ತಾಡಾಸನ ಮಾಡಿಸುತ್ತೇನೆ, ಅದಕ್ಕಾದರೂ ಒಪ್ಪಿಗೆ ಇದೆಯಾ?

ಫಿಸಿಯೋ ಸಾಗರ
ಚಪ್ಪಲಿ ಹಾಕಿಕೊಂಡು. ಒಪ್ಪಿಗೆ.

ಅಡಿಕೆಮನೆ
ಹತ್ತು ವಾರ ಆಯಿತು, ಕೇಳಿದವರಿಗೆಲ್ಲ ಒಟ್ಟಿಗೆ ಉತ್ತರ.

ಬಿ12 ಕಡಿಮೆ ಇತ್ತು. ಇಂಜೆಕ್ಷನ್ ಶುರುವಾಗಿದೆ. ಹಾಗಾಗಿ ಸುಧಾರಿಸಿದ್ದು ಯಾವುದರಿಂದ ಎಷ್ಟು ಅಂತ ಭದ್ರಾವತಿಯವರು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ರಾತ್ರಿಯ ಮಾತ್ರೆಯ ಡೋಸೂ ಡಾಕ್ಟರ್ ಇಳಿಸಿದರು.

ಕುರ್ಚಿ ಪರೀಕ್ಷೆ ಮಾಡಿಸಿದೆ. ಐದು ಸಲಕ್ಕೇ ನಿಲ್ಲಿಸಿದರು. ಮಾತಾಡಲಿಲ್ಲ, ಎದ್ದು ಕೊಟ್ಟಿಗೆ ಕಡೆ ಹೋದರು. ಮುಂದಿನ ಶನಿವಾರ ನಾನು ಹೋಗುವಷ್ಟರಲ್ಲಿ ಪಂಚಾಂಗದಿಂದ ಹಾಳೆ ಹೊರಗೆ ಬಂದಿತ್ತು, ಜಗಲಿ ಕಂಬಕ್ಕೆ ಮೊಳೆ ಹೊಡೆದು ಸಿಕ್ಕಿಸಿದ್ದರು.

ನಮ್ಮದು ಹಳೆಯ ಮನೆ, ನಡುಮನೆಗೆ ರೆಡ್ ಆಕ್ಸೈಡ್ ನೆಲ, ಸುತ್ತ ಗೋಡೆ ಪಕ್ಕ ನಾಲ್ಕು ಬೆರಳು ಅಗಲದ ಕಪ್ಪು ಪಟ್ಟಿ. ಸಂಕದ ಮಾತು ಓದಿ ಹೇಳಿದ ಮೇಲೆ ಅಪ್ಪಯ್ಯ ಅದನ್ನೇ ಸಂಕ ಮಾಡಿಕೊಂಡಿದ್ದಾರೆ. ಎಡಗೈಯ ಒಂದು ಬೆರಳು ಗೋಡೆಗೆ ತಾಗಿಸಿ, ಹಿಮ್ಮಡಿಗೆ ಬೆರಳು ಕೂಡಿಸಿ ಹೆಜ್ಜೆ. ತಿರುಗುವಾಗ ಮಾತ್ರ ತೂಗುತ್ತಾರೆ. ಆಗ ಬಾಯಲ್ಲಿ "ಹೊಳೆ ಬಂತು, ಹೊಳೆ ಬಂತು" ಅಂದುಕೊಳ್ಳುತ್ತಾರೆ, ಚಿಕ್ಕವರಿದ್ದಾಗ ತಲೆ ಮೇಲೆ ಸೊಪ್ಪಿನ ಹೊರೆ ಇಟ್ಟುಕೊಂಡು ಸಂಕ ದಾಟುವಾಗ ಹಾಗೆ ಅನ್ನುತ್ತಿದ್ದರಂತೆ. ಗೋಡೆಯ ಸುಣ್ಣದಲ್ಲಿ ಸೊಂಟದ ಎತ್ತರಕ್ಕೆ ಒಂದು ಬೆರಳಗಲದ ಕೊಳೆ ಗೆರೆ ಆಗಿದೆ. ಅಮ್ಮನಿಗೆ ಅದೇ ಸಿಟ್ಟು.

ಲೆಕ್ಕ ಬೇಕಾದವರಿಗೆ: ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂರುವುದಕ್ಕೆ ಮೊದಲು 17 ಸೆಕೆಂಡ್, ಈಗ 13. 12ಕ್ಕೆ ಇಳಿಯಬೇಕು ಅಂತ ಫಿಸಿಯೋ ಹೇಳಿದ್ದಾರೆ. ಒಂಟಿ ಕಾಲು 2 ಸೆಕೆಂಡ್ ಇದ್ದಿದ್ದು 7 ಆಗಿದೆ. ಜೋಮು ಇದ್ದಷ್ಟೇ ಇದೆ.

ಬಚ್ಚಲಿಗೆ ಕೈಹಿಡಿ ಹಾಕಿಸಿದೆ, ಕೂತು ಸ್ನಾನ ಮಾಡಲು ಮರದ ಮಣೆ ಇಟ್ಟೆ. ಆಟಿ (ಆಷಾಢ) ಮಳೆಗೆ ಎಂಟು ದಿನ ಕರೆಂಟು ಇರಲಿಲ್ಲ, ಚಾರ್ಜ್ ಆಗುವ ಬಲ್ಬು ಬಚ್ಚಲ ದಾರಿಗೆ ಹಾಕಿದ್ದು ಉಪಕಾರವಾಯಿತು. ಅಂಗಳದ ಪಾಚಿಗೆ ಮೊದಲು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ಮೇಲೆ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಹಾಸಿದ್ದೇವೆ. ದಬ್ಬೆಯೂ ಜಾರುತ್ತದೆ ಅಂತ ಗೊತ್ತು, ಹಳೆಯ ಗೋಣಿ ಸುತ್ತಿ ಮೊಳೆ ಹೊಡೆದೆ.

ಕೋಲು ಇನ್ನೂ ಹಿಡಿಯುವುದಿಲ್ಲ. ಛತ್ರಿ ಹಿಡಿಯುತ್ತಾರೆ, ಮಳೆ ಇಲ್ಲದಾಗಲೂ.

ನರ್ಸಕ್ಕ
ಛತ್ರಿ ತುದಿಗೆ ರಬ್ಬರ್ ಬೂಚು ಹಾಕಿಸಿ. ಊರುಗೋಲಿನದ್ದೇ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ.

ಉಂಬಳ
ಗಂಬೂಟು ಹಾಕಿದರೂ ನಾವು ಬರುತ್ತೇವೆ ಅಂತ ಅಪ್ಪಯ್ಯನಿಗೆ ತಿಳಿಸಿ.

ಹಳೇ ಭದ್ರಾವತಿ
ಬಿ12 ವಿಷಯ ಮುಚ್ಚಿಡದೆ ಹೇಳಿದ್ದಕ್ಕೆ ಮೆಚ್ಚಿದೆ. ಭಾವ ಎಂಟು ಸಲ ಎದ್ದರು. ಈಗ ನನಗೂ ಮಾಡಿಸುತ್ತಿದ್ದಾರೆ, ನಾನು ಒಂಬತ್ತು. ಶುಗರ್ ಇದ್ದವರು ಹಾಕುವ ಮೆತ್ತನೆಯ ರಬ್ಬರಿನ ಎಂಸಿಆರ್ ಚಪ್ಪಲಿ ನಮ್ಮ ಕಡೆ ಎಲ್ಲಿ ಸಿಗುತ್ತದೆ?

ಫಿಸಿಯೋ ಸಾಗರ
ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ, ಇಲ್ಲದಿದ್ದರೆ ಶಿವಮೊಗ್ಗದ ದೊಡ್ಡ ಚಪ್ಪಲಿ ಅಂಗಡಿಗಳಲ್ಲಿ ಕೇಳಿ. ಸಂಜೆ ಹೊತ್ತು ಹೋಗಿ ಅಳತೆ ಕೊಡಿ, ಪಾದ ಆಗ ಸ್ವಲ್ಪ ಊದಿರುತ್ತದೆ. ಬಿಗಿ ಇದ್ದರೆ ಅವರಿಗೆ ಗೊತ್ತಾಗುವುದಿಲ್ಲ, ನೀವು ನೋಡಬೇಕು.

ಸೊರಬ ರಸ್ತೆ
ನಮ್ಮದು ಹೊಸ ಮನೆ, ಪೂರ್ತಿ ಟೈಲ್ಸ್. ಕಪ್ಪು ಪಟ್ಟಿ ಇಲ್ಲ. ಅಮ್ಮನಿಗೆ ಮಾಡಿಸಬೇಕು, ಏನು ಮಾಡಲಿ?

ನಿವೃತ್ತ ಕಂಡಕ್ಟರ್
ಟೈಲ್ಸಿನ ಸಂದು ಇದೆಯಲ್ಲ ಮಾರಾಯ್ರೆ. ನೆಲ ಒರೆಸಿ ಒಣಗಿದ ಮೇಲೆ ಮಾಡಿಸಿ.